ಬಣ್ಣದ ಹಿಂದಿನ ಮುಖ

*ಇಂದಿನ ಧಮ್ಮ ಚಿಂತನೆ*



ಕೊಟ್ಟಾರದ ನಮ್ಮ ಮನೆಯಲ್ಲಿ ಕೂತು ಇವತ್ತು ಜಪಾನಿನ ಒಬ್ಬ ಕಲಾವಿದನ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ತೋಶೂಸಾಯ್ ಶರಾಕು.

1794ರಲ್ಲಿ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಪ್ರಕಾಶಕ ತ್ಸುತಾಯ ಜೂಜಾಬುರೊ ಈತನ 28 ಮರದಚ್ಚಿನ ಚಿತ್ರಗಳನ್ನು ಒಟ್ಟಿಗೇ ಹೊರತಂದ. ಎಲ್ಲವೂ ಕಬುಕಿ ನಾಟಕದ ನಟರ ದೊಡ್ಡ ಮುಖಗಳು. ಹಿಂದೆ ಅಭ್ರಕದ ಕಪ್ಪು ಹೊಳಪು. ಉಳಿದ ಚಿತ್ರಕಾರರು ನಟರನ್ನು ಚಂದ ಮಾಡಿ ಬರೆಯುತ್ತಿದ್ದರು. ಶರಾಕು ಬಾಗಿದ ಮೂಗು, ಮುಖದ ಸುಕ್ಕು, ಸ್ತ್ರೀವೇಷದೊಳಗಿನ ಗಂಡಸಿನ ದವಡೆ, ಎಲ್ಲವನ್ನೂ ಇದ್ದಂತೆ ಬರೆದ. ಸುಮಾರು ಹತ್ತು ತಿಂಗಳಲ್ಲಿ 140ಕ್ಕೂ ಹೆಚ್ಚು ಚಿತ್ರ. 1795ರ ಆರಂಭಕ್ಕೆ ಎಲ್ಲವೂ ನಿಂತಿತು.

ಈತ ಸೈತೊ ಜೂರೊಬೆಯ್ ಎಂಬ ನೋ ನಾಟಕದ ನಟ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಒಂದು ಬೌದ್ಧ ವಿಹಾರದ ಮರಣ ದಾಖಲೆಯಲ್ಲಿ ಆ ಸೈತೊನ ಹೆಸರಿದೆ: 1820ರಲ್ಲಿ ಸಾವು, ವಯಸ್ಸು 58. ನೋ ನಟರಿಗೆ ಒಡೆಯರ ಆಶ್ರಯವಿತ್ತು. ಕಬುಕಿ ನಟರನ್ನೋ ಜನ ನೋಡಲು ಮುಗಿಬೀಳುತ್ತಿದ್ದರು, ಆದರೆ ನದಿದಂಡೆಯವರು ಎಂದು ಕೀಳಾಗಿ ಕರೆಯುತ್ತಿದ್ದರು.

ಇದನ್ನು ಓದುವಾಗ ನನಗೆ ಅಜ್ಜನ ನೆನಪಾಯಿತು. ಅಜ್ಜ ಭೂತ ಕಟ್ಟುತ್ತಿದ್ದರು. ಮುಖಕ್ಕೆ ಅರದಾಳ, ಸೊಂಟಕ್ಕೆ ತೆಂಗಿನ ಸಿರಿ, ಬೆನ್ನಿಗೆ ಅಣಿ. ರಾತ್ರಿ ಗುತ್ತಿನ ಯಜಮಾನರೂ ಅವರ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. ಬೆಳಗ್ಗೆ ಬಣ್ಣ ತೊಳೆದ ಮೇಲೆ ಅದೇ ಅಂಗಳದ ಹೊರಗೆ ಎಲೆ ಹಾಕುತ್ತಿದ್ದರು. ಕೈಮುಗಿದದ್ದು ಬಣ್ಣಕ್ಕೆ, ಮನುಷ್ಯನಿಗಲ್ಲ.

ಬೌದ್ಧರ ನಾಡಿನಲ್ಲೂ ಹಾಗಾಯಿತೇ ಎಂದು ನೀವು ಕೇಳಬಹುದು. ಆಯಿತು. ಜಪಾನಿನ ಎಷ್ಟೋ ವಿಹಾರಗಳು ಅಲ್ಲಿನ ಅಸ್ಪೃಶ್ಯರಾದ ಬುರಾಕು ಜನರು ಸತ್ತಾಗಲೂ ಅವಮಾನದ ಹೆಸರುಗಳನ್ನೇ ಕೊಟ್ಟವು. ಬುದ್ಧನ ಮೂರ್ತಿ ಇದ್ದಲ್ಲೆಲ್ಲ ಧಮ್ಮ ಇರುವುದಿಲ್ಲ. ಮನುಷ್ಯ ಮನುಷ್ಯನ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಲ್ಲಿ ಧಮ್ಮ ಇದೆ ಎಂದು ಬಾಬಾಸಾಹೇಬರು ನಮಗೆ ತಿಳಿಸಿದ್ದು ಇದನ್ನೇ.

ಶರಾಕುವಿನ ಚಿತ್ರದ ಮೇಲೆ ಅವನ ಸಹಿ ಇದೆ, ಪ್ರಕಾಶಕನ ಮುದ್ರೆ ಇದೆ. ಚೆರ್ರಿ ಮರದ ಹಲಗೆ ಕೆತ್ತಿದವನ, ಬಣ್ಣ ಹಚ್ಚಿ ಒತ್ತಿದವನ ಹೆಸರಿಲ್ಲ. ನಾವೂ ಹಾಗೇ ಮರೆಯುತ್ತೇವೆ. ನಮ್ಮ ಬೀದಿ ಗುಡಿಸಲು ಬರುವ ಅಕ್ಕನ ಹೆಸರು ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ. ಇವತ್ತು ಬೆಳಗ್ಗೆ ಕೇಳಿದೆ.

ನೀವೂ ಒಬ್ಬರನ್ನು ಕೇಳಿ.

ನಮೋ ಬುದ್ಧಾಯ. ಜೈ ಭೀಮ್.