ರಾಮನ್‌ಗೂ ಮೊದಲು ಸಿಕ್ಕಿದ್ದು ಲೆಕ್ಕಪತ್ರದ ಕೆಲಸ

ಸರ್ ಸಿ.ವಿ. ರಾಮನ್ ಎಂದೊಡನೆ ನಮಗೆ ನೆನಪಾಗುವುದು ನೊಬೆಲ್ ಪ್ರಶಸ್ತಿ, ಫೆಬ್ರುವರಿ 28ರ ವಿಜ್ಞಾನ ದಿನ ಮತ್ತು ಬೆಂಗಳೂರಿನಲ್ಲಿರುವ ಅವರ ಹೆಸರಿನ ಸಂಶೋಧನಾ ಸಂಸ್ಥೆ. ಅವರ ಮೊದಲ ಕೆಲಸ ಯಾವುದು ಎಂದು ಕೇಳಿದರೆ ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ಪ್ರೊಫೆಸರ್ ಎನ್ನುತ್ತಾರೆ. ಆದರೆ 18ನೇ ವಯಸ್ಸಿನಲ್ಲಿ ರಾಮನ್ ಸೇರಿದ್ದು ಬ್ರಿಟಿಷ್ ಸರ್ಕಾರದ ಹಣಕಾಸು ಇಲಾಖೆಗೆ. ಹುದ್ದೆ ಸಹಾಯಕ ಅಕೌಂಟೆಂಟ್ ಜನರಲ್, ಕೆಲಸ ಸರ್ಕಾರದ ಲೆಕ್ಕಪತ್ರ. ಆ ಇಲಾಖೆಯಲ್ಲಿ ಅವರು ಒಂದೆರಡಲ್ಲ, 10 ವರ್ಷ ದುಡಿದರು. ಕ್ಯಾಂಪಸ್ ಪ್ಲೇಸ್‌ಮೆಂಟ್ ನಡೆಯುವ ಈ ದಿನಗಳಲ್ಲಿ ಅಂತಿಮ ವರ್ಷದ ನಮ್ಮಂಥವರು ಓದಬೇಕಾದದ್ದು ಅವರ ಜೀವನದ ಈ ಭಾಗವನ್ನೇ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ ಬಿ.ಎ.ಯಲ್ಲೂ ಎಂ.ಎ.ಯಲ್ಲೂ ಮೊದಲ ಸ್ಥಾನ ಪಡೆದರು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಅವರು ಬರೆದ ಪ್ರಬಂಧ ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜಿನ್‌ನಲ್ಲಿ ಪ್ರಕಟವಾಯಿತು. ಇಷ್ಟಾದರೂ ವಿಜ್ಞಾನವನ್ನೇ ನಂಬಿ ಬದುಕುವ ದಾರಿ ಇರಲಿಲ್ಲ. ಭಾರತೀಯರಿಗೆ ಅಂಥ ಹುದ್ದೆಗಳು ಬೆರಳೆಣಿಕೆಯಷ್ಟು. ಹೆಚ್ಚಿನ ಓದಿಗೆ ಇಂಗ್ಲೆಂಡಿಗೆ ಹೋಗೋಣವೆಂದರೆ, ಈ ಸಣಕಲು ಹುಡುಗನಿಗೆ ಅಲ್ಲಿನ ಹವೆ ಒಗ್ಗುವುದಿಲ್ಲ ಎಂದು ವೈದ್ಯರು ತಡೆದರು. ಉಳಿದದ್ದು ಹಣಕಾಸು ಸೇವೆಯ ಪರೀಕ್ಷೆ. ಅದರಲ್ಲೂ ಮೊದಲಿಗರಾಗಿ, 1907ರಲ್ಲಿ ಪತ್ನಿ ಲೋಕಸುಂದರಿಯವರೊಂದಿಗೆ ಕಲ್ಕತ್ತೆಗೆ ಹೊರಟರು.

ಒಂದು ದಿನ ಟ್ರಾಮ್‌ನಲ್ಲಿ ಹೋಗುವಾಗ ಬೌಬಜಾರ್ ರಸ್ತೆಯಲ್ಲಿ ಒಂದು ಫಲಕ ಕಣ್ಣಿಗೆ ಬಿತ್ತು. ಅದು ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಸ್ಥೆ. ಕಟ್ಟಡವಿತ್ತು, ಉಪಕರಣಗಳಿದ್ದವು, ಬಳಸುವವರು ಮಾತ್ರ ಇರಲಿಲ್ಲ. ರಾಮನ್ ಒಳಗೆ ಹೋಗಿ ಅನುಮತಿ ಕೇಳಿದರು, ಸಿಕ್ಕಿತು. ಅಂದಿನಿಂದ ಬೆಳಗಿನ ಜಾವ ಪ್ರಯೋಗಾಲಯ, ಹಗಲೆಲ್ಲ ಕಚೇರಿ, ಸಂಜೆಯಿಂದ ರಾತ್ರಿಯವರೆಗೆ ಮತ್ತೆ ಪ್ರಯೋಗಾಲಯ. ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ ಎಂಬಂಥ ಪ್ರಶ್ನೆಗಳನ್ನು ಹಿಡಿದು ಅವರು ಬರೆದ ಪ್ರಬಂಧಗಳು ವಿದೇಶಿ ಪತ್ರಿಕೆಗಳಲ್ಲಿ ಬರತೊಡಗಿದವು.

ನಡುವೆ ರಂಗೂನಿಗೆ, ಆಮೇಲೆ ನಾಗಪುರಕ್ಕೆ ವರ್ಗವಾಯಿತು. ಅಲ್ಲಿ ಬೌಬಜಾರ್ ಇರಲಿಲ್ಲ. ಮನೆಯ ಒಂದು ಭಾಗವನ್ನೇ ಪ್ರಯೋಗಾಲಯ ಮಾಡಿಕೊಂಡರು. 1911ರಲ್ಲಿ ಕಲ್ಕತ್ತೆಗೆ ಮರಳಿದ ಮೇಲೆ ಸಂಸ್ಥೆಗೆ ಅಂಟಿಕೊಂಡಂತಿದ್ದ ಮನೆಯನ್ನೇ ಹಿಡಿದು, ನೇರವಾಗಿ ಒಳಹೋಗಲು ಬಾಗಿಲು ಮಾಡಿಸಿಕೊಂಡರು. ಕಚೇರಿಯ ಕೆಲಸವನ್ನು ಕಾಟಾಚಾರಕ್ಕೆ ಮಾಡಿದವರೂ ಅಲ್ಲ; ಮೇಲಧಿಕಾರಿಗಳಿಗೆ ಅವರು ಬೇಕಾದವರೇ ಆಗಿದ್ದರು.

1917ರಲ್ಲಿ ಅಶುತೋಷ್ ಮುಖರ್ಜಿಯವರ ಆಹ್ವಾನದ ಮೇರೆಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಸೇರಿದರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 10 ವರ್ಷ ಕಾದ ಮನುಷ್ಯ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1928ರಲ್ಲಿ ಅದೇ ಬೌಬಜಾರಿನ ಕಟ್ಟಡದಲ್ಲಿ, ಶಿಷ್ಯ ಕೆ.ಎಸ್. ಕೃಷ್ಣನ್ ಜೊತೆಗೂಡಿ, ಬೆಳಕು ದ್ರವದಲ್ಲಿ ಚದುರುವಾಗ ಅದರ ಒಂದಂಶದ ಬಣ್ಣವೇ ಬದಲಾಗುವುದನ್ನು ಕಂಡರು. 1930ರಲ್ಲಿ ನೊಬೆಲ್ ಬಂತು. 1933ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದವರು 1970ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯವರೇ ಆಗಿದ್ದರು.

ಈ ಕತೆಯನ್ನು ಮನಸ್ಸಿದ್ದರೆ ಮಾರ್ಗ ಎಂದು ಮುಗಿಸುವುದು ಸುಲಭ. ಆದರೆ ರಾಮನ್‌ಗೆ ಇದ್ದದ್ದು ಮನಸ್ಸು ಮಾತ್ರವಲ್ಲ. ಕಚೇರಿಗೆ ನಿಗದಿತ ಸಮಯವಿತ್ತು. ಮನೆಯ ಹೊಣೆಯನ್ನು ಲೋಕಸುಂದರಿ ಹೊತ್ತಿದ್ದರು. ಕೈಗೆಟುಕುವ ದೂರದಲ್ಲಿ ಒಂದು ಪ್ರಯೋಗಾಲಯವಿತ್ತು. ಬೇಕೆಂದಾಗ ರಾಜೀನಾಮೆ ಕೊಡುವ ಸ್ವಾತಂತ್ರ್ಯವಿತ್ತು. ಇವಿಲ್ಲದಿದ್ದರೆ ಎಂಥ ಪ್ರತಿಭೆಯೂ ಕಡತಗಳ ನಡುವೆ ಹೂತುಹೋಗಬಹುದಿತ್ತು.

ಇದನ್ನು ಬರೆಯಲು ಕಾರಣವೂ ಇದೆ. ನನ್ನದು ನೆಲಮಂಗಲ ತಾಲ್ಲೂಕಿನ ಸೋಂಪುರ. ದಾಬಸ್‌ಪೇಟೆ ಸುತ್ತ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಹೊಲಗಳಿದ್ದ ಕಡೆ ಕಾರ್ಖಾನೆಗಳ ಶೆಡ್‌ಗಳು ಎದ್ದಿವೆ. ಅಂಥದ್ದೊಂದು ಕಾರ್ಖಾನೆಯಿಂದ ನನಗೆ ಮೊದಲ ಆಫರ್ ಬಂದಿದೆ. ಗುಣಮಟ್ಟ ತಪಾಸಣೆ ವಿಭಾಗ. ಬರುವ ಬಿಡಿಭಾಗಗಳ ಅಳತೆ ತೆಗೆದು ದಾಖಲಿಸುವುದು. ನನಗೆ ಬೇಕಾಗಿರುವುದು ಯಂತ್ರಗಳ ವಿನ್ಯಾಸ. ಒಪ್ಪಿಕೊಂಡರೆ ನಮ್ಮ ಕಾಲೇಜಿನ ನಿಯಮದಂತೆ ಬೇರೆ ಕಂಪನಿಗಳ ಸಂದರ್ಶನಕ್ಕೆ ಕೂರುವಂತಿಲ್ಲ. ಬಿಟ್ಟರೆ ಇನ್ನೊಂದು ಸಿಗುತ್ತದೆಂಬ ಖಾತ್ರಿಯಿಲ್ಲ, ಶೈಕ್ಷಣಿಕ ಸಾಲದ ಕಂತು ಮಾತ್ರ ಖಾತ್ರಿ. ಮನೆಯಲ್ಲಿ ಸೇರಿಕೋ ಎನ್ನುತ್ತಾರೆ, ಗೆಳೆಯರು ಬಿಡು ಎನ್ನುತ್ತಾರೆ.

ಕೆಲಸ ಆಕರ್ಷಕವೇ ಎಂದಷ್ಟೇ ಯೋಚಿಸುತ್ತಿದ್ದಾಗ ತೀರ್ಮಾನ ಸಿಗಲಿಲ್ಲ. ರಾಮನ್ ಅವರ ಆ 10 ವರ್ಷಗಳನ್ನು ಓದಿದ ಮೇಲೆ ಕೇಳಬೇಕಾದ ಪ್ರಶ್ನೆಗಳು ಹೊಳೆದವು. ಪಾಳಿ ವಾರವಾರ ಬದಲಾಗುತ್ತದೆಯೇ? ಬಾಂಡ್ ಇದೆಯೇ? ಅಳತೆಯ ಕೋಣೆಯಿಂದ ವಿನ್ಯಾಸದ ಕೋಣೆಗೆ ಹೋಗಿಬರಬಹುದೇ? ಕಂಪನಿಗೆ ಬರೆದು ಕೇಳಿದೆ. ಮೊದಲ ವರ್ಷ ಬೆಳಗಿನ ಪಾಳಿಯೊಂದೇ, ಬಾಂಡ್ ಇಲ್ಲ ಎಂಬ ಉತ್ತರ ಬಂತು. ಮೂರನೆಯ ಪ್ರಶ್ನೆಗೆ ಉತ್ತರವಿರಲಿಲ್ಲ.

ಮಧ್ಯಾಹ್ನದ ನಂತರದ ಹೊತ್ತು ನನ್ನದಾಗಿರುತ್ತದೆ. ವಿನ್ಯಾಸದ ಸಾಫ್ಟ್‌ವೇರ್ ಕಲಿಯಲು ಹಳೆಯ ಲ್ಯಾಪ್‌ಟಾಪ್ ಸಾಕು. ಬಾಡಿಗೆ ಕೊಡುವ ಅಗತ್ಯವಿಲ್ಲ. ಹಾಗಾಗಿ ಈ ಆಫರ್ ಒಪ್ಪಿಕೊಳ್ಳುತ್ತಿದ್ದೇನೆ. ಬಾಂಡ್ ಇದ್ದಿದ್ದರೆ ಬಿಡುತ್ತಿದ್ದೆ. ಸೇರಿದ ಮೇಲೆ ಮೊದಲು ಮಾಡುವುದು, ಮೂರನೆಯ ಪ್ರಶ್ನೆಯನ್ನು ವಿನ್ಯಾಸ ವಿಭಾಗದವರ ಬಳಿಗೇ ಹೋಗಿ ಕೇಳುವುದು. ಬೌಬಜಾರಿನಲ್ಲಿ ರಾಮನ್ ಅವರನ್ನೂ ಯಾರೂ ಕರೆದಿರಲಿಲ್ಲ.