ಪಿಂಗಾಣಿ ಹಕ್ಕಿಗಳ ಶಿಲ್ಪಿ ಕೆಂಡ್ಲರ್

ಪಿಂಗಾಣಿ ಎಂದರೆ ನಮಗೆ ನೆನಪಾಗುವುದು ಬಟ್ಟಲು, ತಟ್ಟೆ, ಉಪ್ಪಿನಕಾಯಿ ಜಾಡಿ. ಅದೇ ಪಿಂಗಾಣಿಯಲ್ಲಿ ಹಕ್ಕಿಗಳನ್ನು ಈಗಲೋ ಆಗಲೋ ಹಾರಿಬಿಡುತ್ತವೆ ಎನ್ನುವಂತೆ ರೂಪಿಸಿದವರು ಜರ್ಮನಿಯ ಯೋಹಾನ್ ಯೋಆಖಿಮ್ ಕೆಂಡ್ಲರ್.

ಅವರು ಹುಟ್ಟಿದ್ದು 1706ರಲ್ಲಿ, ಸ್ಯಾಕ್ಸನಿ ರಾಜ್ಯದ ಡ್ರೆಸ್ಡನ್ ನಗರದ ಸಮೀಪದ ಫಿಷ್‌ಬಾಕ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಹುಡುಗನಾಗಿದ್ದಾಗಲೇ ಡ್ರೆಸ್ಡನ್ನಿಗೆ ಹೋಗಿ ಬೆಂಜಮಿನ್ ಥೋಮೆ ಎಂಬ ಶಿಲ್ಪಿಯ ಬಳಿ ಕೆಲಸ ಕಲಿತರು.

ಚೀನಾ, ಜಪಾನ್‌ಗಳಿಂದ ಹಡಗಿನಲ್ಲಿ ಬರುತ್ತಿದ್ದ ಪಿಂಗಾಣಿಯ ಗುಟ್ಟು ಯುರೋಪಿಗೆ ತಿಳಿದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. 1710ರಲ್ಲಿ ಮೈಸನ್ ಪಟ್ಟಣದ ಕೋಟೆಯೊಳಗೆ ಕಾರ್ಖಾನೆ ಆರಂಭವಾಗಿತ್ತು. ಅರಸು ಅಗಸ್ಟಸ್‌ನಿಗೆ ಪಿಂಗಾಣಿಯ ಹುಚ್ಚು. ಡ್ರೆಸ್ಡನ್ನಿನ ತನ್ನ ಜಪಾನೀ ಅರಮನೆಯಲ್ಲಿ ನೂರಾರು ಪಿಂಗಾಣಿ ಪ್ರಾಣಿಪಕ್ಷಿಗಳನ್ನು, ಆದಷ್ಟೂ ನಿಜ ಗಾತ್ರದಲ್ಲೇ, ಇಡಬೇಕೆಂಬುದು ಆತನ ಆಸೆ. ಅದಕ್ಕಾಗಿ 1731ರಲ್ಲಿ 25ರ ಹರೆಯದ ಕೆಂಡ್ಲರ್‌ಗೆ ಮೈಸನ್ನಿನಿಂದ ಕರೆ ಬಂತು.

ಕೆಂಡ್ಲರ್ ಚಿತ್ರ ನೋಡಿ ಹಕ್ಕಿ ಮಾಡಲು ಕುಳಿತವರಲ್ಲ. ಮೊರಿಟ್ಸ್‌ಬುರ್ಗ್ ಅರಮನೆಯಲ್ಲಿ ಅರಸು ಸಾಕಿಸಿದ್ದ ಪ್ರಾಣಿಪಕ್ಷಿಗಳ ಎದುರು ನಿಂತು ಗೀಚಿಕೊಂಡರು. ಕೊಕ್ಕರೆ ಕೊರಳು ಕೊಂಕಿಸುವುದು, ಹದ್ದು ರೆಕ್ಕೆ ಬಿಚ್ಚುವುದು, ಗೂಬೆಯ ನೋಟ, ನವಿಲಿನ ನಿಲುವು ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಂಡು ಮಣ್ಣಿಗೆ ಇಳಿಸಿದರು.

ನೋಡಿದ್ದನ್ನು ಪಿಂಗಾಣಿಯಾಗಿಸುವುದು ಇನ್ನೂ ಕಷ್ಟ. ಜೇಡಿಮಣ್ಣಿನ ಮಾದರಿಯಿಂದ ಭಾಗ ಭಾಗವಾಗಿ ಅಚ್ಚು ತೆಗೆದು, ಅದರಲ್ಲಿ ಪಿಂಗಾಣಿ ಮಣ್ಣನ್ನು ಒತ್ತಿ, ಭಾಗಗಳನ್ನು ಜೋಡಿಸಿ, ಒಣಗಿಸಿ ಸುಡಬೇಕು. ಸುಡುವಾಗ ಬೊಂಬೆ ಸುಮಾರು ಆರನೆಯ ಒಂದು ಭಾಗ ಕುಗ್ಗುತ್ತದೆ. ಗಾತ್ರ ದೊಡ್ಡದಾದಷ್ಟೂ ಬಿರುಕು ಹೆಚ್ಚು. ಬಣ್ಣ ಕೂರಿಸಲು ಮತ್ತೊಮ್ಮೆ ಸುಡಬೇಕಾದ್ದರಿಂದ, ಒಡೆದಾವೆಂಬ ಭಯಕ್ಕೆ ಅನೇಕ ದೊಡ್ಡ ಹಕ್ಕಿಗಳನ್ನು ಬೆಳ್ಳಗೇ ಬಿಟ್ಟರು. ಮೈಮೇಲೆ ಬಿರುಕು ಹೊತ್ತೇ ಅವು ಇಂದಿಗೂ ಡ್ರೆಸ್ಡನ್ನಿನ ಸಂಗ್ರಹಾಲಯದಲ್ಲಿ ನಿಂತಿವೆ.

1733ರಲ್ಲಿ ಅಗಸ್ಟಸ್ ತೀರಿಕೊಂಡ. ಅರಮನೆಯ ಯೋಜನೆ ಪೂರ್ಣವಾಗಲೇ ಇಲ್ಲ. ಆದರೆ ಕೆಂಡ್ಲರ್ ಕೈ ನಿಲ್ಲಲಿಲ್ಲ. ಮೇಜಿನ ಮೇಲಿಡುವ ಗಿಳಿ, ಮರಕುಟಿಗಗಳಂಥ ಚಿಕ್ಕ ಬೊಂಬೆಗಳನ್ನೂ ಮಾಡಿದರು. ಇವು ಬಣ್ಣ ತಳೆದು ಯುರೋಪಿನ ಮನೆಗಳನ್ನು ಸೇರಿದವು. ಮಂತ್ರಿ ಬ್ರೂಲ್‌ಗಾಗಿ 2,000ಕ್ಕೂ ಹೆಚ್ಚು ಪಾತ್ರೆಗಳ ಹಂಸದ ಊಟದ ಸೆಟ್ಟು ಸಿದ್ಧವಾದದ್ದೂ ಅವರ ಮುಂದಾಳತ್ವದಲ್ಲೇ.

ಅವರ ದೊಡ್ಡ ಕನಸು ಬೇರೆಯೇ ಇತ್ತು. ಮುಂದಿನ ಅರಸು ಮೂರನೆಯ ಅಗಸ್ಟಸ್ ಕುದುರೆ ಏರಿದ ಭಾರೀ ಪ್ರತಿಮೆಯನ್ನು ಪಿಂಗಾಣಿಯಲ್ಲೇ ನಿಲ್ಲಿಸಬೇಕೆಂದು ವರ್ಷಗಟ್ಟಲೆ ದುಡಿದರು. 1756ರಲ್ಲಿ ಯುದ್ಧ ಬಂತು, ಪ್ರಷ್ಯದ ಸೈನ್ಯ ಮೈಸನ್ನಿಗೆ ನುಗ್ಗಿತು. 1763ರಲ್ಲಿ ಆ ಅರಸೂ ತೀರಿಕೊಂಡ. ಪ್ರತಿಮೆ ಏಳಲಿಲ್ಲ, ಉಳಿದದ್ದು ಅದರ ಪುಟ್ಟ ಮಾದರಿ.

1775ರಲ್ಲಿ ಮೈಸನ್ನಿನಲ್ಲೇ ಕೆಂಡ್ಲರ್ ಕಣ್ಣುಮುಚ್ಚಿದರು. 44 ವರ್ಷ ಒಂದೇ ಕಾರ್ಖಾನೆಯಲ್ಲಿ ದುಡಿದ ಜೀವ ಅದು. ಅರಸರ ಅಪ್ಪಣೆಯ ದೊಡ್ಡ ಕೆಲಸಗಳೆರಡೂ ಅರ್ಧಕ್ಕೇ ನಿಂತವು. ಆದರೂ ಅವರ ಹೆಸರು ಉಳಿಯಿತು. ಹಕ್ಕಿಯ ಮುಂದೆ ತಾಳ್ಮೆಯಿಂದ ನಿಂತು ನೋಡಿದ ಕಣ್ಣು ಅದನ್ನು ಉಳಿಸಿತು. ನಮ್ಮ ಶಾಲೆಯ ಅಂಗಳದ ಮರದಲ್ಲೂ ಹಕ್ಕಿಗಳಿವೆ. ಪುಸ್ತಕದ ಚಿತ್ರ ತೋರಿಸುವ ಮೊದಲು ಮಕ್ಕಳನ್ನು ಆ ಮರದಡಿ ಒಂದಿಷ್ಟು ಹೊತ್ತು ಕೂರಿಸಿದರೆ, ಕೆಂಡ್ಲರ್ ಕಲಿತ ಮೊದಲ ಪಾಠ ಅವರಿಗೂ ಸಿಕ್ಕೀತು.