ಕಡಕೋಳದ ಮಡಿವಾಳಪ್ಪನವರು

ಆಳಂದದಲ್ಲಿ ಕನ್ನಡ ಬೋಧಿಸುವ ನನಗೆ ಪ್ರತಿವರ್ಷವೂ ಒಂದು ಸಂಕೋಚ ಎದುರಾಗುತ್ತದೆ. ಪಂಪನಿಂದ ಹೊರಟು ವಚನಕಾರರನ್ನೂ ಹರಿದಾಸರನ್ನೂ ಹಾದು ತತ್ತ್ವಪದಕಾರರ ಬಳಿಗೆ ಬರುವಷ್ಟರಲ್ಲಿ ಪರೀಕ್ಷೆ ಸಮೀಪಿಸಿರುತ್ತದೆ. ಉಳಿದ ಒಂದೆರಡು ತಾಸುಗಳಲ್ಲಿ ಅವರನ್ನು ಮುಗಿಸಬೇಕಾಗುತ್ತದೆ. ಆದರೆ ಮುಂದೆ ಕುಳಿತ ಮಕ್ಕಳಲ್ಲಿ ಎಷ್ಟೋ ಮಂದಿ ಪಂಪನ ಹೆಸರನ್ನು ಶಾಲೆಯಲ್ಲಿ ಕೇಳಿದವರಾದರೆ, ಕಡಕೋಳದ ಮಡಿವಾಳಪ್ಪನವರ ಪದಗಳನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರು. ಕಲಿಸುವವನಿಗಿಂತ ಕಲಿಯುವವರಿಗೆ ಹೆಚ್ಚು ಪರಿಚಿತನಾದ ಕವಿ ಇವರೊಬ್ಬರೇ ಎಂದು ನನಗೆ ಅನೇಕ ಸಲ ಅನಿಸಿದೆ.

ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲೂಕಿನ ಬಿದನೂರಿನಲ್ಲಿ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ತಾಯಿ ಗಂಗಮ್ಮ, ತಂದೆ ವಿರೂಪಾಕ್ಷಯ್ಯ. ತಂದೆ ಜಂಗಮರಾದರೂ ಆ ದಾಂಪತ್ಯಕ್ಕೆ ಊರಿನ ಒಪ್ಪಿಗೆ ಇರಲಿಲ್ಲವೆಂದೂ, ಆದಕಾರಣ ಹುಡುಗನಿಗೆ ದೀಕ್ಷೆ ಸಲ್ಲದೆಂದು ಹಿರಿಯರು ಅಡ್ಡಿಮಾಡಿದರೆಂದೂ ನಮ್ಮ ಸೀಮೆಯ ಜನ ಇಂದಿಗೂ ಹೇಳುತ್ತಾರೆ. ಕುಲ ಯಾವುದು ಎಂಬ ಪ್ರಶ್ನೆ ಅವರ ಬಾಳಿನ ಮೊದಲ ಪಾಠವಾಯಿತು. ಮುಂದೆ ಅವರು ಕಟ್ಟಿದ ಪದಗಳಲ್ಲಿ ಮಡಿ-ಮೈಲಿಗೆಯ ಲೆಕ್ಕವನ್ನೂ, ವೇಷವೊಂದನ್ನೇ ನಂಬಿದ ಗುರುಗಳನ್ನೂ ಕುರಿತು ಕಾಣುವ ಕಟುವಾದ ಮಾತು ಗ್ರಂಥದಿಂದ ಬಂದುದಲ್ಲ, ಆ ಹೊಸ್ತಿಲಿನ ಹೊರಗೆ ನಿಂತ ಅನುಭವದಿಂದ ಬಂದುದು.

ಊರು ಕೊಡದ ದೀಕ್ಷೆಯನ್ನು ಅವರಿಗೆ ಕೊಟ್ಟವರು ಕಲಕೇರಿಯ ಮರುಳಾರಾಧ್ಯರೆಂದು ಪರಂಪರೆ ನೆನೆಯುತ್ತದೆ. ಬಿದನೂರನ್ನು ಬಿಟ್ಟ ಮಡಿವಾಳಪ್ಪನವರು ಕಡೆಗೆ ಭೀಮೆಯ ಆಚೆಗಿನ ಕಡಕೋಳದಲ್ಲಿ ನೆಲೆನಿಂತರು. ಬಹುಕಾಲ ಜೇವರ್ಗಿ ತಾಲೂಕಿಗೆ ಸೇರಿದ್ದ ಆ ಊರು ಈಗ ಯಡ್ರಾಮಿ ತಾಲೂಕಿನಲ್ಲಿದೆ. ಅದೇ ಜೇವರ್ಗಿ ಸೀಮೆಯ ಅರಳಗುಂಡಗಿಯಿಂದ ಹೊರಟ ಶರಣಬಸವೇಶ್ವರರು ಅದೇ ಕಾಲದಲ್ಲಿ ಕಲಬುರಗಿಯಲ್ಲಿ ದಾಸೋಹ ನಡೆಸಿದರು. ಒಬ್ಬರು ಹಸಿದವರಿಗೆ ಅನ್ನವಿಕ್ಕಿದರು, ಮತ್ತೊಬ್ಬರು ಪದವಿಕ್ಕಿದರು.

ಆ ಪದಗಳ ರಚನೆ ಸರಳ. ಮೊದಲು ಪಲ್ಲವಿ, ಬಳಿಕ ಕೆಲವು ನುಡಿಗಳು, ಕೊನೆಯ ನುಡಿಯಲ್ಲಿ ಮಹಾಂತ ಎಂಬ ಅಂಕಿತ. ಏಕತಾರಿಯ ಒಂದು ಸ್ವರ, ದಪ್ಪಿನ ಪೆಟ್ಟು, ತಾಳದ ಜೋಡಿ. ಒಬ್ಬರು ಹಾಡಿದ ಸಾಲನ್ನು ಸುತ್ತ ಕುಳಿತವರು ಎತ್ತಿಕೊಳ್ಳುತ್ತಾರೆ. ದೇಹವು ಮನೆಯಾಗುತ್ತದೆ, ಹೊಲವಾಗುತ್ತದೆ. ಕೇಳುವವನಿಗೆ ಮೊದಲು ತನ್ನ ಒಕ್ಕಲುತನದ ಮಾತೇ ಕೇಳಿದಂತಾಗಿ, ಮರುದಿನ ಕೆಲಸದ ನಡುವೆ ಅದರ ಒಳಗಿನ ಅರ್ಥ ಥಟ್ಟನೆ ಹೊಳೆಯುತ್ತದೆ. ಈ ಹಾಡಿಗೆ ರಂಗಮಂದಿರ ಬೇಕಾಗಲಿಲ್ಲ. ಅಮವಾಸ್ಯೆಯ ಭಜನೆ, ಜಾತ್ರೆಯ ದಾರಿ, ಹೆಣದ ಮುಂದೆ ಎಚ್ಚರವಿರುವ ರಾತ್ರಿ, ಇವೇ ಅದರ ವೇದಿಕೆಗಳು.

ಹಾಡು ಕವಿಯನ್ನು ದಾಟಿ ನಡೆಯತೊಡಗಿದ್ದು ಶಿಷ್ಯರಿಂದ. ಖೈನೂರಿನ ಕೃಷ್ಣಪ್ಪ, ಚನ್ನೂರಿನ ಜಲಾಲಸಾಹೇಬ, ತೆಲಗಬಾಳದ ರೇವಪ್ಪ ಮೊದಲಾದವರು ಗುರುವಿನ ಪದಗಳನ್ನು ಹಾಡಿದರು, ತಾವೂ ಪದ ಕಟ್ಟಿದರು. ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಸಾಕು, ಕಡಕೋಳದ ಹೊಸ್ತಿಲಿನಲ್ಲಿ ಕುಲವನ್ನು ಕೇಳುತ್ತಿರಲಿಲ್ಲವೆಂಬುದು ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಡಿವಾಳಪ್ಪನವರು ಗತಿಸಿದರು; ಪದಗಳ ಸಂಚಾರ ಮಾತ್ರ ನಿಲ್ಲಲಿಲ್ಲ. 1948ರವರೆಗೂ ಈ ನಾಡು ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಮೊದಲು ಪಾರಸಿ, ಬಳಿಕ ಉರ್ದು. ಕನ್ನಡ ಶಾಲೆಗಳು ವಿರಳವಾಗಿದ್ದ ಆ ಕಾಲದಲ್ಲಿ ಓದು ಬಾರದ ಒಕ್ಕಲಿಗನಿಗೆ ಭಜನೆಯ ಪದವೇ ಕನ್ನಡದ ಪಾಠವಾಯಿತು. 1956ರಲ್ಲಿ ಕಲಬುರಗಿ ಸೀಮೆ ಕನ್ನಡನಾಡನ್ನು ಕೂಡಿದಾಗ ಅದು ಬರಿಗೈಯಲ್ಲಿ ಬರಲಿಲ್ಲ.

ಹಾಡನ್ನು ಸಾಹಿತ್ಯವೆನ್ನಬಹುದೇ ಎಂಬ ಚರ್ಚೆ 2016ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್‌ಗೆ ನೊಬೆಲ್ ಬಂದಾಗ ಲೋಕದಾದ್ಯಂತ ನಡೆಯಿತು. ಸಣ್ಣ ಊರಿನಿಂದ ಹೊರಟು, ತಾನೇ ಕಟ್ಟಿದ ಹಾಡನ್ನು ತಾನೇ ಹಾಡುತ್ತ ದೇಶ ಸುತ್ತಿದವನು ಆತ. ಆ ಚರ್ಚೆಯನ್ನು ನಾನು ತರಗತಿಯಲ್ಲಿ ಉತ್ಸಾಹದಿಂದ ವಿವರಿಸಿದೆ, ಹಾಡೂ ಕಾವ್ಯವೇ ಎಂದು ತೀರ್ಪನ್ನೂ ಕೊಟ್ಟೆ. ಆದರೆ ಆ ತೀರ್ಪಿಗೆ ನಾನೇ ತಪ್ಪಿ ನಡೆದ ಪ್ರಸಂಗವೊಂದನ್ನು ಇಲ್ಲಿ ಹೇಳಬೇಕು.

ಒಮ್ಮೆ ಕಿರುಪರೀಕ್ಷೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಮಡಿವಾಳಪ್ಪನವರ ಪದವೊಂದನ್ನು ಬರೆದಿದ್ದಳು. ಅಚ್ಚಾದ ಪುಸ್ತಕದ ಪಾಠಕ್ಕಿಂತ ಒಂದು ನುಡಿ ಬೇರೆಯಾಗಿತ್ತು. ಕೆಂಪು ಗೆರೆ ಎಳೆದು ಅಂಕ ಕಳೆದೆ. ಅವಳು ವಾದಿಸಲಿಲ್ಲ, ತನ್ನ ಮುತ್ಯಾ ಹೀಗೆಯೇ ಹಾಡುತ್ತಾನೆಂದಷ್ಟೇ ಹೇಳಿ ಹೋದಳು. ಆ ಮಾತು ಮನಸ್ಸಿನಲ್ಲಿ ಉಳಿದು, ಮುಂದಿನ ಅಮವಾಸ್ಯೆಗೆ ಅವರ ಊರಿನ ಭಜನೆಗೆ ಹೋದೆ. ಅಕ್ಷರವರಿಯದ ಆ ಹಿರಿಯ ನಡುರಾತ್ರಿಯ ಹೊತ್ತಿಗೆ ಅದೇ ಪದವನ್ನು ಎತ್ತಿಕೊಂಡ. ಪುಸ್ತಕದಲ್ಲಿ ನಯವಾದ ಸಂಸ್ಕೃತ ಶಬ್ದವಿದ್ದೆಡೆ ಆತನ ಬಾಯಲ್ಲಿ ಬಿತ್ತನೆಯ ಕಾಲದ ಮಾತೊಂದಿತ್ತು. ಸುತ್ತಲಿದ್ದವರೆಲ್ಲ ಅದನ್ನೇ ಎತ್ತಿಕೊಂಡು ಹಾಡಿದರು. ಅರ್ಥ ಕೆಡಲಿಲ್ಲ, ಅಷ್ಟೇ ಅಲ್ಲ, ಅಲ್ಲಿಯವರೆಗೆ ನನಗೆ ಬಿಡಿಸಲಾಗದಿದ್ದ ಮುಂದಿನ ಸಾಲು ಆ ಒಂದು ಮಾತಿನಿಂದ ಬಿಚ್ಚಿಕೊಂಡಿತು.

ಮನೆಗೆ ಬರುವ ದಾರಿಯಲ್ಲಿ ಬಿದನೂರಿನ ಹಿರಿಯರ ನೆನಪಾಯಿತು. ಅವರು ಹುಡುಗನ ಕುಲ ಕೇಳಿದ್ದರು. ನಾನು ಹಾಡಿನ ಕುಲ ಕೇಳಿದ್ದೆ. ಹಸ್ತಪ್ರತಿ ಯಾವುದು, ಮುದ್ರಣ ಯಾವುದು ಎಂದು ಕೇಳುವುದು ವಿದ್ವಾಂಸನ ಧರ್ಮವೇ ಸರಿ. ತತ್ತ್ವಪದಗಳನ್ನು ಸಂಗ್ರಹಿಸಿ ಸಂಪುಟಗಳಲ್ಲಿ ಅಚ್ಚುಹಾಕಿದವರ ಶ್ರಮವಿಲ್ಲದಿದ್ದರೆ ಎಷ್ಟೋ ಪದಗಳು ನಮ್ಮ ಕೈಗೆ ಸಿಗುತ್ತಿರಲಿಲ್ಲ. ಆದರೆ ತನ್ನ ಹೆಸರನ್ನು ಬದಿಗಿಟ್ಟು ಮಹಾಂತನ ಹೆಸರಿನಲ್ಲಿ ಪದ ಮುಗಿಸಿದ ಕವಿಯು ಅದನ್ನು ಹಾಡುವವರ ಕೈಗೆ ಒಪ್ಪಿಸಿಯೇ ಹೋಗಿದ್ದಾನೆ. ಆ ಒಪ್ಪಿಸುವಿಕೆಯನ್ನು ದೋಷವೆಂದು ಗುರುತು ಹಾಕುವ ಅಧಿಕಾರ ನನಗಿರಲಿಲ್ಲ.

ಮರುದಿನ ಅವಳ ಉತ್ತರಪತ್ರಿಕೆಯನ್ನು ತರಿಸಿ ಅಂಕ ತಿದ್ದಿದೆ. ಈಗ ತತ್ತ್ವಪದದ ಪಾಠ ಬಂದಾಗ ನಾನು ಮೊದಲು ಪುಸ್ತಕ ತೆರೆಯುವುದಿಲ್ಲ. ಮನೆಯಲ್ಲಿ ಕೇಳಿದ ಪದವನ್ನು ಬಲ್ಲವರು ಯಾರೆಂದು ಕೇಳುತ್ತೇನೆ. ಒಂದಿಷ್ಟು ಹೊತ್ತು ಯಾರೂ ತಲೆ ಎತ್ತುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ.